ಕೌದಿ, ಕತ್ತರಿ ಮತ್ತು ನೆಗೆಟಿವ್

ಕಾಗದದ ಚೂರುಗಳನ್ನು ಕತ್ತರಿಸಿ ಅಂಟಿಸಿ, ಅವುಗಳ ನಡುವೆ ನಾಲ್ಕು ರೇಖೆಗಳನ್ನೆಳೆದು, ಒಂದು ಹಳೆಯ ಛಾಯಾಚಿತ್ರವನ್ನು ಸೇರಿಸಿದರೆ ಅದು ಕಲೆಯಾಗುವುದೇ? ಹಾನಗಲ್ಲಿನ ಹಿರಿಯ ಮಿತ್ರರೊಬ್ಬರು ಈಚೆಗೆ ನನ್ನನ್ನು ಹೀಗೆ ಕೇಳಿದರು. ಇದೆಲ್ಲ ಪಟ್ಟಣದವರ ವಿನೋದ, ನಮ್ಮ ಮಣ್ಣಿನದಲ್ಲ ಎಂಬುದು ಅವರ ತೀರ್ಮಾನ. ಅವರು ಈ ಮಾತನ್ನು ಆಡಿದ್ದು ಕೌದಿಯ ಮೇಲೆ ಕುಳಿತು!

ಕೊಲಾಜ್ ಎಂಬ ಹೆಸರು ಫ್ರೆಂಚರದು. ಅಂಟಿಸುವುದೆಂದು ಅದರ ಅರ್ಥ. 1912ರಲ್ಲಿ ಪಿಕಾಸೋ ಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆಯ ತುಂಡೊಂದನ್ನು ತನ್ನ ಚಿತ್ರದಲ್ಲಿ ಅಂಟಿಸಿದಾಗ ಅದು ಪ್ಯಾರಿಸ್ಸಿಗೆ ಹೊಸದಾಗಿತ್ತು. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ಸೀಮೆಯ ಅಜ್ಜಿಯರು ಹರಿದ ಇಲಕಲ್ಲ ಸೀರೆಯ ಸೆರಗು, ಸವೆದ ಧೋತರ, ಮಗುವಿನ ಅಂಗಿ, ಖಣದ ಕುಬಸ ಇವನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸುತ್ತ ಬಂದವರು. ಆ ಚಿಂದಿಗಳ ಮೇಲೆ ಸಾಲುಸಾಲಾಗಿ ಸಾಗುವ ಸೂಜಿಯ ಓಟ ರೇಖಾಚಿತ್ರವಲ್ಲದೆ ಮತ್ತೇನು? ಕೌದಿಯನ್ನು ಹೊದ್ದವನಿಗೆ ಯಾವ ತುಂಡು ಯಾರ ಮೈಮೇಲಿದ್ದುದೆಂಬುದು ಗೊತ್ತಿರುತ್ತದೆ.

ಛಾಯಾಚಿತ್ರದ ಮಾತು ಇನ್ನೂ ಗಂಭೀರವಾದುದು. ಫಿಲ್ಮಿನ ಮೇಲಿನ ಬೆಳ್ಳಿಯ ಲವಣಕ್ಕೆ ಬೆಳಕು ಸೋಂಕಿ, ಕತ್ತಲೆಕೋಣೆಯಲ್ಲಿ ಡೆವಲಪರ್, ಹೈಪೋಗಳನ್ನು ದಾಟಿ ಬರುವ ನೆಗೆಟಿವ್, ಆ ಮನುಷ್ಯನ ಎದುರಿನಲ್ಲೇ ಇದ್ದ ವಸ್ತು. ಈ ನಾಲ್ಕು ಊರುಗಳಲ್ಲೊಂದರಲ್ಲಿ ಕೆಲವು ವರ್ಷಗಳ ಹಿಂದೆ ಹಳೆಯ ಸ್ಟುಡಿಯೊ ಒಂದು ಮುಚ್ಚಿತು. ತಗಡಿನ ಡಬ್ಬಿಗಳಲ್ಲಿದ್ದ ನೆಗೆಟಿವ್‌ಗಳನ್ನು ಗುಜರಿಯವನು ತೂಕಕ್ಕೆ ಕೇಳಿದ್ದ. ನಾನು ಒಂದು ಡಬ್ಬಿಯನ್ನು ತಂದೆ. ಉಳಿದವನ್ನು ಮುಂದಿನ ವಾರ ತರುವೆನೆಂದು ಹೇಳಿ ಬಂದೆ. ಮುಂದಿನ ವಾರ ಅಲ್ಲಿ ಗೋಡೆ ಮಾತ್ರ ಇತ್ತು. ಎರಡು ತಲೆಮಾರಿನ ಮದುಮಕ್ಕಳು, ಶಾಲೆಯ ಹುಡುಗರು, ಒಂದೇ ಒಂದು ಸಲ ಕ್ಯಾಮೆರಾದ ಮುಂದೆ ನಿಂತ ಮುದುಕಿಯರು ಆ ವಾರದಲ್ಲಿ ಹೋದರು. ಆ ಆಲಸ್ಯಕ್ಕೆ ನನಗೆ ನಾನೇ ಕ್ಷಮೆ ನೀಡಿಕೊಂಡಿಲ್ಲ.

ಸ್ಟುಡಿಯೊದ ಪರದೆ, ಭಂಗಿ, ಬಣ್ಣ ಹಚ್ಚಿದ ಕಪ್ಪು-ಬಿಳುಪು ಚಿತ್ರ ಇವುಗಳಿಂದ ಇಂದಿನ ಕಲೆ ಹುಟ್ಟಬಲ್ಲುದೆಂಬುದಕ್ಕೆ ಬೆಂಗಳೂರಿನ ಎನ್. ಪುಷ್ಪಮಾಲಾ ಅವರ ಕೃತಿಗಳೇ ಸಾಕ್ಷಿ. ಶಿಲ್ಪ ಕಲಿತು ಛಾಯಾಚಿತ್ರಕ್ಕೆ ಬಂದ ಅವರು, ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರಚಿಸಿದ ದಕ್ಷಿಣ ಭಾರತದ ಸ್ತ್ರೀಯರ ಮಾಲಿಕೆಯಲ್ಲಿ, ರವಿವರ್ಮನ ಲಕ್ಷ್ಮಿಯಿಂದ ಹಿಡಿದು ಪತ್ರಿಕೆಯ ಪೊಲೀಸ್ ಚಿತ್ರದವರೆಗೆ ತಾವೇ ವೇಷ ಧರಿಸಿ ನಿಂತರು. ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, 2020ರಲ್ಲಿ ತೀರಿಕೊಂಡ ಕಲಾವಿದ ಟಿ. ಬಿ. ಸೊಲಬಕ್ಕನವರ ಮರೆಯಾಗುತ್ತಿದ್ದ ಹಳ್ಳಿಯ ಬಾಳನ್ನು ಸಿಮೆಂಟಿನ ಮೂರ್ತಿಗಳಲ್ಲಿ ಹಿಡಿದಿಟ್ಟರು. ಹೋಗುವುದನ್ನು ಉಳಿಸುವ ಹಂಬಲ ಈ ನೆಲಕ್ಕೆ ಪರಕೀಯವಲ್ಲ.

ನನ್ನ ಮಿತ್ರರು ಬಿಡಲಿಲ್ಲ. ಹಳೆಯ ಚಿತ್ರಗಳನ್ನು ಕಲಾವಿದನೇ ಕತ್ತರಿಸಿದರೆ ಗುಜರಿಯವನಿಗೂ ಅವನಿಗೂ ಏನು ಭೇದ ಎಂದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರವಿಷ್ಟು: ಒಂದು ನೆಗೆಟಿವ್‌ನಿಂದ ಎಷ್ಟಾದರೂ ಪ್ರತಿಗಳನ್ನು ತೆಗೆಯಬಹುದು. ಕತ್ತರಿ ಪ್ರತಿಯ ಮೇಲೆ ಆಡಲಿ, ನೆಗೆಟಿವ್ ಮುಟ್ಟದಿರಲಿ. ಕೌದಿ ಹೊಲಿಯುವವಳೂ ಉಡುವ ಸೀರೆಗೆ ಕತ್ತರಿ ಹಾಕುವುದಿಲ್ಲ.

ಗೊಟಗೋಡಿಯಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿದೆ. ಕೌದಿಗೂ ನೆಗೆಟಿವ್‌ಗೂ ಅಲ್ಲಿ ಒಂದು ತಂಪಾದ, ಒಣಗಿದ ಕೊಠಡಿಯನ್ನು ಮೀಸಲಿಡಬೇಕು. ತರುಣ ಕಲಾವಿದರು ಬಂದು ಪ್ರತಿ ತೆಗೆದುಕೊಂಡು ಕೆಲಸ ಮಾಡಲು ಅವಕಾಶವಿರಬೇಕು. ಅಟ್ಟದ ಮೇಲೆ ಇಂಥ ಡಬ್ಬಿಗಳನ್ನಿಟ್ಟುಕೊಂಡಿರುವ ಓದುಗರು ಅವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ಕೊಠಡಿ ಸಿದ್ಧವಾದ ದಿನ ನನ್ನಲ್ಲಿರುವ ಡಬ್ಬಿಯನ್ನು ನಾನೇ ಒಯ್ದು ಕೊಡುತ್ತೇನೆ.