ಟ್ಯಾಬ್‌ಗಿಂತ ಮೊದಲು ಒಂದು ಶನಿವಾರ

ಹೊರನಾಡಿನ ನಮ್ಮ ಕನ್ನಡ ಸಂಘಗಳಲ್ಲಿ ಶಾಲೆಗೆ ಸಹಾಯ ಮಾಡುವ ಮಾತು ಬಂದರೆ ಸಾಕು, ಯಾರಾದರೊಬ್ಬರು ಎದ್ದು "ಹತ್ತು ಟ್ಯಾಬ್ ಕೊಡಿಸೋಣ" ಎನ್ನುತ್ತಾರೆ. ಕೊಡುವ ಮನಸ್ಸು ದೊಡ್ಡದೇ. ಟ್ಯಾಬ್ ಬರುತ್ತದೆ, ಫೋಟೋ ತೆಗೆಯುತ್ತಾರೆ. ಆರು ತಿಂಗಳು ಕಳೆದ ಮೇಲೆ ಅದು ಮುಖ್ಯಶಿಕ್ಷಕರ ಬೀರುವಿನಲ್ಲಿ ಭದ್ರವಾಗಿರುತ್ತದೆ. ಆಗ ನಾವು "ಟೀಚರ್‌ಗಳಿಗೆ ಕಂಪ್ಯೂಟರ್ ಬರಲ್ಲ ಬಿಡಿ" ಎಂದು ಷರಾ ಬರೆಯುತ್ತೇವೆ.

ಸಾಫ್ಟ್‌ವೇರ್ ಕೆಲಸದ ನಡುವೆ ತಿಂಗಳಿಗೆರಡು ಶನಿವಾರ ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋಗುವ ನನಗೆ ಈ ಷರಾ ಒಪ್ಪಿಗೆಯಿಲ್ಲ. ಹಾಜರಾತಿ, ಮಧ್ಯಾಹ್ನದ ಊಟದ ಲೆಕ್ಕ, ಸಮಾರಂಭದ ಫೋಟೋ, ಮೇಲಿನವರು ಕೇಳುವ ನೂರೆಂಟು ಮಾಹಿತಿ, ಎಲ್ಲವನ್ನೂ ಶಿಕ್ಷಕರು ತಮ್ಮ ಮೊಬೈಲಿನಲ್ಲೇ ತುಂಬುತ್ತಾರೆ. ತರಬೇತಿಯೂ ಆಗುತ್ತಲೇ ಇದೆ. ಕೇಂದ್ರದ 'ದೀಕ್ಷಾ' 2017ರಲ್ಲಿ ಬಂತು, 'ನಿಷ್ಠಾ' 2019ರಲ್ಲಿ. ವಿಡಿಯೋ ನೋಡಿ, ಪ್ರಶ್ನೆಗೆ ಉತ್ತರ ಗುರುತಿಸಿದರೆ ಪ್ರಮಾಣಪತ್ರ. ಅದರಿಂದ ಪ್ರಯೋಜನವೇ ಇಲ್ಲ ಎನ್ನಲಾರೆ. ಆದರೆ ನಾಳೆ ಬೆಳಗ್ಗೆ ಐದನೇ ತರಗತಿಯ ಗಣಿತ ಪಾಠ ಇದರಿಂದ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ನಮ್ಮ ಶಾಲೆಯ ಗಣಿತದ ಟೀಚರ್ ಬರುವ ವರ್ಷ ನಿವೃತ್ತರಾಗುತ್ತಾರೆ. ಇಪ್ಪತ್ತು ವರ್ಷಗಳಿಂದ ತಾವೇ ಬರೆದ ಲೆಕ್ಕಗಳು, ಪ್ರಶ್ನೆಪತ್ರಿಕೆಗಳು ಅವರ ಹಳೆಯ ಕಂಪ್ಯೂಟರಿನಲ್ಲಿವೆ. ಎಲ್ಲವೂ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ. "ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಯಾರಿಗೂ ಓದೋಕಾಗಲ್ಲ ಸರ್. ನಾನು ಹೋದ್ಮೇಲೆ ಇದನ್ನೆಲ್ಲ ಯಾರು ನೋಡ್ತಾರೆ?" ಎಂದು ಕೇಳಿದರು. ಅವರಿಗೆ ಬೇಕಿದ್ದ 'ಡಿಜಿಟಲ್ ಕೌಶಲ' ಇದು. ಇದು ಯಾವ ತರಬೇತಿಯಲ್ಲೂ ಅವರಿಗೆ ಸಿಕ್ಕಿರಲಿಲ್ಲ.

ತೊಂದರೆ ಏನೆಂದರೆ, ಆ ಹಳೆಯ ಕಡತಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟ್. ಫಾಂಟ್ ಇಲ್ಲದ ಮೊಬೈಲಿನಲ್ಲಿ ವೇಷ ಕಳಚಿ ಕಲಸುಮೇಲೋಗರ ಕಾಣುತ್ತದೆ. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ, ಭಿನ್ನರಾಶಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅದನ್ನು ಕಣ್ಣಾಡಿಸಿ ತಿದ್ದಬೇಕು. ಮೂರು ಶನಿವಾರ ನಾನು ಪಕ್ಕದಲ್ಲಿ ಕೂತೆ, ನಾಲ್ಕನೆಯದಕ್ಕೆ ಅವರೇ ಕಿರಿಯ ಶಿಕ್ಷಕಿಯೊಬ್ಬರಿಗೆ ಹೇಳಿಕೊಡುತ್ತಿದ್ದರು.

ಆಮೇಲೆ ಬೇಡಿಕೆ ಅವರಿಂದಲೇ ಬಂತು. ಯಾವ ಮಗುವಿಗೆ ಅರ್ಥವಾಗಿಲ್ಲ ಎಂಬುದು ಪರೀಕ್ಷೆಗೆ ಮೊದಲೇ ಗೊತ್ತಾಗಬೇಕು, ಆದರೆ ಮಕ್ಕಳ ಕೈಯಲ್ಲಿ ಫೋನಿಲ್ಲ. ಇದಕ್ಕೆ 'ಪ್ಲಿಕರ್ಸ್' ಎಂಬ ಆ್ಯಪ್ ಇದೆ. ಪ್ರತಿ ಮಗುವಿಗೂ ಕಾಗದದ ಮೇಲೆ ಮುದ್ರಿಸಿದ ಒಂದು ಕಾರ್ಡು, ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಉತ್ತರದ ಬದಿ ಮೇಲಕ್ಕೆ ಬರುವಂತೆ ಮಗು ಕಾರ್ಡು ಹಿಡಿಯುತ್ತದೆ, ಟೀಚರ್ ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸುತ್ತಾರೆ. ಯಾರು ಏನು ಉತ್ತರಿಸಿದರು ಎಂಬುದು ತೆರೆಯ ಮೇಲೆ. ಇಡೀ ತರಗತಿಗೆ ಒಂದೇ ಫೋನು ಸಾಕು.

ಮೊದಲ ಪ್ರಶ್ನೆ: 1/3, 1/4, ಇವುಗಳಲ್ಲಿ ದೊಡ್ಡದು ಯಾವುದು? ಅರ್ಧಕ್ಕಿಂತ ಹೆಚ್ಚು ಮಕ್ಕಳು 1/4 ಎಂದರು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಕೈ ಎತ್ತಿಸಿ ಕೇಳಿದ್ದರೆ ಜಾಣ ಮಕ್ಕಳು ನಾಲ್ವರು ಸರಿ ಹೇಳಿ ಪಾಠ ಮುಂದೆ ಸಾಗುತ್ತಿತ್ತು. ಟೀಚರ್ ಅಲ್ಲೇ ನಿಲ್ಲಿಸಿ, ಕಾಗದದ ಚಪಾತಿ ಕತ್ತರಿಸಿ ಮೂವರಿಗೊಮ್ಮೆ ನಾಲ್ವರಿಗೊಮ್ಮೆ ಹಂಚಿಸಿದರು. ಆ್ಯಪ್ ತಪ್ಪನ್ನು ತೋರಿಸಿತು, ಕಲಿಸಿದ್ದು ಚಪಾತಿ. ಯಾವಾಗ ಫೋನ್ ಕೆಳಗಿಟ್ಟು ಕತ್ತರಿ ಹಿಡಿಯಬೇಕು ಎಂಬುದು ಟೀಚರ್‌ಗೆ ಗೊತ್ತಿತ್ತು.

ಶಿಕ್ಷಕರ ತಂತ್ರಜ್ಞಾನ ಸಾಮರ್ಥ್ಯದ ಬಗ್ಗೆ ಯುನೆಸ್ಕೋ ರೂಪಿಸಿರುವ ಚೌಕಟ್ಟಿನ 2018ರ ಆವೃತ್ತಿಯಲ್ಲಿ ಮೂರು ಮೆಟ್ಟಿಲುಗಳಿವೆ: ಜ್ಞಾನವನ್ನು ಗಳಿಸುವುದು, ಆಳಗೊಳಿಸುವುದು, ಸೃಷ್ಟಿಸುವುದು. ನಮ್ಮ ಬಹುಪಾಲು ತರಬೇತಿ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. ಬೇರೆಯವರು ಮಾಡಿದ್ದನ್ನು ನೋಡುವುದು, ಬಟನ್ ಒತ್ತುವುದು. ಶಿಕ್ಷಕರು ತಾವೇ ಸೃಷ್ಟಿಸತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ನೋಡಿ.

ಅಲ್ಲಿನ ಜಿಲ್ಲಾ ಪರಿಷತ್ ಶಾಲೆಗೆ ರಣಜಿತ್‌ಸಿಂಹ ಡಿಸಳೆ ಬಂದದ್ದು 2009ರಲ್ಲಿ. ಶಾಲೆಯ ಒಂದು ಪಕ್ಕಕ್ಕೆ ದನದ ಕೊಟ್ಟಿಗೆ. ಹುಡುಗಿಯರ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯಲ್ಲಿರಲಿಲ್ಲ. ಡಿಸಳೆ ತಾವೇ ಭಾಷೆ ಕಲಿತು ಪಾಠಗಳನ್ನು ಅನುವಾದಿಸಿದರು, ಅವಕ್ಕೆ ಕ್ಯೂಆರ್ ಕೋಡ್ ಜೋಡಿಸಿ ಹಾಡು, ವಿಡಿಯೋ, ಅಭ್ಯಾಸಗಳನ್ನು ಇಟ್ಟರು. ಮುಂದೆ ರಾಜ್ಯದ ಪಠ್ಯಪುಸ್ತಕಗಳಿಗೂ ಕ್ಯೂಆರ್ ಕೋಡ್ ಬಂತು. 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಸಿಕ್ಕಿತು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಇದೆಲ್ಲ ಶುರುವಾದದ್ದು ತನ್ನ ಮಕ್ಕಳಿಗೆ ಪುಸ್ತಕ ಅರ್ಥವಾಗುತ್ತಿಲ್ಲ ಎಂಬ ಒಬ್ಬ ಶಿಕ್ಷಕರ ಚಿಂತೆಯಿಂದ.

ಹೊರನಾಡಿನ ಕನ್ನಡ ಶಾಲೆಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ, ಆದರೆ ಅದರ ಆಚೆಗೆ ಕನ್ನಡದಲ್ಲಿ ಅಭ್ಯಾಸದ ಸಾಮಗ್ರಿ ಬೇಕೆಂದರೆ ಟೀಚರ್ ತಾವೇ ತಯಾರಿಸಬೇಕು. ಹಾಗೆ ತಯಾರಿಸಿದ್ದು ಅವರೊಂದಿಗೇ ನಿವೃತ್ತವಾದರೆ ಮುಂದಿನವರು ಮತ್ತೆ ಸೊನ್ನೆಯಿಂದ ಆರಂಭಿಸಬೇಕು.

ಆದ್ದರಿಂದ ಐಟಿಯಲ್ಲಿರುವ ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ. ಟ್ಯಾಬ್ ಕೊಡಬೇಡಿ ಎನ್ನುವುದಿಲ್ಲ, ಕೊಡಿ. ಅದಕ್ಕೂ ಮೊದಲು ಹತ್ತಿರದ ಶಾಲೆಯ ಒಬ್ಬ ಶಿಕ್ಷಕರ ಜೊತೆ ಒಂದು ಶನಿವಾರ ಕೂತುಕೊಳ್ಳಿ. ಸ್ಲೈಡ್ ತೆಗೆದುಕೊಂಡು ಹೋಗಬೇಡಿ. "ನಿಮಗೆ ಯಾವ ಪಾಠ ಕಲಿಸೋದು ಕಷ್ಟ ಆಗ್ತಿದೆ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಮೌಸ್ ಅವರ ಕೈಯಲ್ಲೇ ಇರಲಿ. ಮುಂದಿನ ಶನಿವಾರವೂ ಹೋಗಿ.