ಕೈಗೆ ಬಂದ ತುತ್ತು

ಇಂಗ್ಲೆಂಡಿನ ನಡುನಾಡಿನಲ್ಲಿರುವ ನಾರ್ಥಾಂಪ್ಟನ್ ನಗರವು ಪಾದರಕ್ಷೆಗಳಿಗೆ ಹೆಸರಾದುದು. ಅಲ್ಲಿ ಹೊಲಿದ ಬೂಟುಗಳು ದೇಶದೇಶಗಳ ಕಾಲುಗಳನ್ನೇರಿ ಸಂಚರಿಸಿವೆ. ಆದರೆ ಆ ಸೀಮೆಯ ಕ್ರಿಕೆಟ್ ತಂಡಕ್ಕೆ ಮಾತ್ರ ಗುರಿಯಿಂದ ಒಂದು ಹೆಜ್ಜೆ ಈಚೆಗೆ ನಿಂತುಬಿಡುವುದು ವಾಡಿಕೆಯಾಗಿ ಹೋಗಿದೆ.

ನಾರ್ಥಾಂಪ್ಟನ್‌ಷೈರ್ ತಂಡವು ಕೌಂಟಿ ಛಾಂಪಿಯನ್‌ಷಿಪ್ಪಿನ ಪಂಕ್ತಿಗೆ ಸೇರಿದ್ದು 1905ರಲ್ಲಿ. 1935ರ ಮೇ ತಿಂಗಳಿಂದ 1939ರ ಮೇ ತಿಂಗಳವರೆಗೆ ಅದು ಆ ಪಂದ್ಯಾವಳಿಯಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ! ಅನಂತರ ದೆಸೆ ತಿರುಗಿತು, ನಿಜ. ಆದರೂ 1912, 1957, 1965, 1976 – ಈ ನಾಲ್ಕು ಸಲವೂ ಎರಡನೆಯ ಸ್ಥಾನವೇ ಗತಿಯಾಯಿತು. 1965ರಲ್ಲಂತೂ ಕಿರೀಟ ತಪ್ಪಿದ್ದು ಬರಿಯ 4 ಅಂಕಗಳಿಂದ.

ಇಂಥ ತಂಡವನ್ನು 1995ರ ಬೇಸಗೆಯಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರು ಸೇರಿದರು. ತಂಡದ ಮಹಾವೇಗಿ ಕರ್ಟ್ಲಿ ಆಂಬ್ರೋಸ್ ಆ ವರ್ಷ ಪ್ರವಾಸ ಬಂದಿದ್ದ ವೆಸ್ಟ್ ಇಂಡೀಸ್ ತಂಡದಲ್ಲಿದ್ದುದರಿಂದ ಸ್ಥಾನವೊಂದು ತೆರವಾಗಿತ್ತು. ಆಂಬ್ರೋಸ್ ಇದ್ದ ಜಾಗಕ್ಕೆ ಇಪ್ಪತ್ತನಾಲ್ಕರ ಪ್ರಾಯದ ಒಬ್ಬ ಸ್ಪಿನ್ನರ್! ಚಳಿ, ಮೋಡ, ತುಂತುರು ಮಳೆಗಳ ಆ ನಾಡಿನಲ್ಲಿ ಲೆಗ್‌ಸ್ಪಿನ್ನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದ್ದರೆ ತಪ್ಪೆನ್ನಲಾಗದು. ಕುಂಬ್ಳೆಯವರ ಚೆಂಡಾದರೋ ಬಹಳವಾಗಿ ತಿರುಗುವಂಥದೂ ಅಲ್ಲ. ವೇಗವಾಗಿ ಬಂದು, ನೆಲ ಮುಟ್ಟಿ, ಎಣಿಸಿದುದಕ್ಕಿಂತ ಎತ್ತರಕ್ಕೆ ಪುಟಿಯುವುದು; ಬ್ಯಾಟುಗಾರನು ಯೋಚಿಸುವುದರೊಳಗೆ ಪ್ಯಾಡನ್ನೋ ಗೂಟವನ್ನೋ ಸೇರಿರುವುದು. ಋತು ಮುಗಿಯುವ ವೇಳೆಗೆ ಅವರು ಸರಾಸರಿ 20.40 ರನ್ನುಗಳಿಗೊಂದರಂತೆ 105 ವಿಕೆಟ್ಟುಗಳನ್ನು ಕಿತ್ತಿದ್ದರು.

ಆ ವರ್ಷದ ಎರಡು ಪಂದ್ಯಗಳನ್ನು ಹೇಳದೆ ಮುಂದೆ ಹೋಗಲಾಗದು. ನಾಟಿಂಗ್‌ಹ್ಯಾಮ್‌ಷೈರ್ ತಂಡವು ನಾರ್ಥಾಂಪ್ಟನ್ನಿಗೆ ಬಂದು ಮೊದಲು ಆಡಿ 527 ರನ್ನುಗಳನ್ನು ಗಳಿಸಿತು. ಇಷ್ಟು ಗಳಿಸಿದವರು ಸೋಲುವುದುಂಟೆ? ನಾಯಕ ಅಲನ್ ಲ್ಯಾಂಬ್‌ರ ತಂಡ 7 ವಿಕೆಟ್ಟಿಗೆ 781 ರನ್ ಮಾಡಿ ಆಟ ಬಿಟ್ಟುಕೊಟ್ಟಿತು. ದಣಿದು ಮತ್ತೆ ಬ್ಯಾಟು ಹಿಡಿದ ಎದುರಾಳಿಗಳು 157ಕ್ಕೆ ಕುಸಿದರು. ಇನಿಂಗ್ಸ್ ಹಾಗೂ 97 ರನ್ನುಗಳ ಜಯ! ಎರಡನೆಯದು ಎಜ್‌ಬಾಸ್ಟನ್ನಿನಲ್ಲಿ ವಾರ್ವಿಕ್‌ಷೈರ್ ತಂಡದ ಮೇಲೆ. ಹಿಂದಿನ ವರ್ಷದ ಛಾಂಪಿಯನ್ನರನ್ನು ಅವರದೇ ಅಂಗಳದಲ್ಲಿ 7 ರನ್ನುಗಳಿಂದ ಸೋಲಿಸಿದ್ದು ಸಣ್ಣ ಮಾತಲ್ಲ.

ಆದರೇನು! ಆ ವಾರ್ವಿಕ್‌ಷೈರ್ ತಂಡವೇ 17 ಪಂದ್ಯಗಳಲ್ಲಿ 14ನ್ನು ಗೆದ್ದು ಪಟ್ಟವನ್ನು ಉಳಿಸಿಕೊಂಡಿತು. ಮಿಡ್ಲ್‌ಸೆಕ್ಸ್ ಮತ್ತು ನಾರ್ಥಾಂಪ್ಟನ್‌ಷೈರ್ ತಂಡಗಳಿಗೆ ತಲಾ 12 ಗೆಲುವು. ನೋಟುಗಳ ಲೆಕ್ಕ ಸಮನಾದರೂ ಚಿಲ್ಲರೆಯಲ್ಲಿ, ಎಂದರೆ ಮೊದಲ ಇನಿಂಗ್ಸಿನಲ್ಲಿ ದೊರೆಯುವ ಬೋನಸ್ ಅಂಕಗಳಲ್ಲಿ, ನಮ್ಮವರು ಹಿಂದೆ ಬಿದ್ದು ಮೂರನೆಯವರಾದರು. (‘ನಮ್ಮವರು’ ಎಂದುದಕ್ಕೆ ಓದುಗರು ಮನ್ನಿಸಬೇಕು, ಕುಂಬ್ಳೆ ಇದ್ದ ಮೇಲೆ ಬೇರೆಯವರು ಹೇಗಾದಾರು?) ಸೆಪ್ಟೆಂಬರಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಡೆದ ನ್ಯಾಟ್‌ವೆಸ್ಟ್ ಕಪ್ಪಿನ ಅಂತಿಮ ಪಂದ್ಯದಲ್ಲಿಯೂ ಎದುರಿಗಿದ್ದವರು ಅದೇ ವಾರ್ವಿಕ್‌ಷೈರಿನವರು. ಅಲ್ಲಿಯೂ 4 ವಿಕೆಟ್ಟುಗಳ ಸೋಲು. ಕೈಗೆ ಬಂದ ತುತ್ತು ಎರಡು ಸಲ ಬಾಯಿಗೆ ಬಾರದೆ ಹೋಯಿತು.

ಮರುವರ್ಷ ಕುಂಬ್ಳೆಯವರು ಇಂಗ್ಲೆಂಡಿಗೆ ಹೋದದ್ದು ಭಾರತದ ಪರವಾಗಿ. ಲ್ಯಾಂಬ್ ಆಟದಿಂದಲೇ ನಿವೃತ್ತರಾದರು. ಆ ಕೂಟ ಮತ್ತೆ ಕೂಡಲಿಲ್ಲ.

ತಂಡದ ಮನೆಯಲ್ಲಿ ಹಬ್ಬವೇ ಇಲ್ಲವೆಂದಲ್ಲ. 2013ರಲ್ಲಿ, ಮತ್ತೆ 2016ರಲ್ಲಿ, ಇಪ್ಪತ್ತು ಓವರುಗಳ ಕಪ್ಪನ್ನು ಅದು ಗೆದ್ದಿತು. ಆದರೆ ನಾಲ್ಕು ದಿನದ ಆಟದ ಕಿರೀಟದ ಮಾತು ಬೇರೆ. 2023ರಲ್ಲಿ ತಂಡವು ಮೊದಲನೆಯ ದರ್ಜೆಯ ತಳಕ್ಕಿಳಿದು ಎರಡನೆಯದಕ್ಕೆ ಜಾರಿತು. ಆ ಇಳಿಜಾರಿನ ದಿನಗಳಲ್ಲಿಯೇ ಮತ್ತೊಬ್ಬ ಕನ್ನಡನಾಡಿನ ಆಟಗಾರ ಅಲ್ಲಿಗೆ ಹೋದದ್ದು ಸ್ವಾರಸ್ಯ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಅಜೇಯ 303 ರನ್ ಹೊಡೆದ ಕರುಣ್ ನಾಯರ್ ಆಗ ಭಾರತ ತಂಡದಲ್ಲಿಯೂ ಇರಲಿಲ್ಲ, ಕರ್ನಾಟಕ ತಂಡದಲ್ಲಿಯೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಓವಲ್ ಮೈದಾನದಲ್ಲಿ ಸರ್ರೆ ತಂಡದ ಮೇಲೆ ಅವರು 150 ರನ್ ಗಳಿಸಿದರು. 2024ರ ಏಪ್ರಿಲ್ಲಿನಲ್ಲಿ ಗ್ಲಾಮಾರ್ಗನ್ ವಿರುದ್ಧ ಅಜೇಯ 202. ಮುಳುಗುತ್ತಿದ್ದ ತಂಡವೂ ಮರೆಯಲ್ಪಟ್ಟ ಆಟಗಾರನೂ ಪರಸ್ಪರರ ಕೈ ಹಿಡಿದುಕೊಂಡಂತಿತ್ತು.

ಕರುಣ್ ದಡ ಸೇರಿದರು: 2025ರ ಜೂನಿನಲ್ಲಿ ಇಂಗ್ಲೆಂಡಿನ ನೆಲದಲ್ಲಿಯೇ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ನಾರ್ಥಾಂಪ್ಟನ್‌ಷೈರ್ ಮಾತ್ರ 2025ರ ಋತು ಮುಗಿದಾಗಲೂ ಎರಡನೆಯ ದರ್ಜೆಯಲ್ಲಿಯೇ ಉಳಿಯಿತು. 1905ರಿಂದ ಕಾಯುತ್ತಿರುವ ಆ ಕಿರೀಟಕ್ಕಾಗಿ ಮೊದಲು ಒಂದು ಮೆಟ್ಟಿಲು ಹತ್ತಬೇಕು. ಅವರು ಹತ್ತುವ ವರ್ಷ ಆ ಅಂಗಳದಲ್ಲಿ ಮತ್ತೊಬ್ಬ ಬೆಂಗಳೂರಿನ ಹುಡುಗನಿದ್ದರೆ ಈ ಅಂಕಣಕಾರನಿಗೆ ಇನ್ನೇನು ಬೇಕು!