ಸಿಬಿಟಿ ಅಂದ್ರೆ ಲೈಸೆನ್ಸ್ ಅಲ್ಲ, ಬಡ್ಡಿ ಕಟ್ಟಿದ ರಸೀದಿ

ಹೋದ ವರ್ಷ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದ. ಇಲ್ಲಿ ಯುಕೆಯಲ್ಲೇ ಮಾಸ್ಟರ್ಸ್ ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿದ್ದ, ಕೆಲಸ ಇನ್ನೂ ಸಿಕ್ಕಿರಲಿಲ್ಲ. ಒಂದು ಭಾನುವಾರ ಕಾಫಿ ಕುಡಿಯುವಾಗ ಕೇಳಿದ: "ಅಣ್ಣ, ಸೆಕೆಂಡ್ ಹ್ಯಾಂಡ್ 125 ಸಿಸಿ ಬೈಕ್ ತಗೊಂಡು ಸಂಜೆ ಹೊತ್ತು ಫುಡ್ ಡೆಲಿವರಿ ಮಾಡಿದ್ರೆ ಎಷ್ಟು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತೆ?"

ನಮ್ಮಂಥವರ ಹತ್ತಿರ ಇಂಥ ಪ್ರಶ್ನೆ ಕೇಳಿದರೆ ಮುಗಿಯಿತು. ಎಕ್ಸೆಲ್ ತೆರೆದೆ. ಬೈಕು, ಇನ್ಶೂರೆನ್ಸ್, ಪೆಟ್ರೋಲ್, ಹೆಲ್ಮೆಟ್ ಎಲ್ಲ ಬರೆದು, ಲೈಸೆನ್ಸ್ ಅನ್ನುವ ಸಾಲಿನಲ್ಲಿ "ಸಿಬಿಟಿ, 160 ಪೌಂಡ್" ಅಂತ ಹಾಕಿದೆ. "ಒಂದು ದಿನದ ಕೆಲಸ, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಊರಲ್ಲಿ ಬೈಕ್ ಓಡಿಸಿದ್ದೀಯಲ್ಲ, ಸಾಕು" ಅಂದೆ. ನಾಲ್ಕೂವರೆ ತಿಂಗಳಲ್ಲಿ ದುಡ್ಡು ವಾಪಸ್ ಅಂತ ಉತ್ತರ ಬಂತು.

ಜನವರಿಯಲ್ಲಿ ಮಳೆ ಬಿದ್ದ ಒಂದು ರಾತ್ರಿ ರೌಂಡಬೌಟಿನಲ್ಲಿ ಬ್ರೇಕ್ ಹಿಡಿದು ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು. ಬೈಕಿಗೆ ಇದ್ದ ಇನ್ಶೂರೆನ್ಸ್ ಸ್ವಂತ ಓಡಾಟಕ್ಕೆ ಮತ್ತು ಕೆಲಸಕ್ಕೆ ಹೋಗಿ ಬರುವುದಕ್ಕೆ ಮಾತ್ರ. ಡೆಲಿವರಿಗೆ 'ಹೈರ್ ಅಂಡ್ ರಿವಾರ್ಡ್' ಅನ್ನುವ ಬೇರೆ ಕವರ್ ಬೇಕು. ಅದನ್ನು ಅವನೂ ಓದಿರಲಿಲ್ಲ, ಲೆಕ್ಕ ಹಾಕಿದ ನಾನೂ ಓದಿರಲಿಲ್ಲ. ಕ್ಲೇಮ್ ತಿರಸ್ಕಾರವಾಯಿತು. ಸ್ವಯಂ ಉದ್ಯೋಗಿ ಅಂತ ಲೆಕ್ಕವಾದ್ದರಿಂದ ಸಿಕ್ ಪೇ ಕೂಡ ಇಲ್ಲ. ಎನ್‌ಎಚ್‌ಎಸ್ ಇದ್ದದ್ದಕ್ಕೆ ಕೈ ಉಳಿಯಿತು, ಜೇಬು ಉಳಿಯಲಿಲ್ಲ. ಮೂರು ತಿಂಗಳು ಅವನ ಬಾಡಿಗೆ ನಾನು ತೆಗೆದುಕೊಳ್ಳಲಿಲ್ಲ. ಅದು ಔದಾರ್ಯ ಅಲ್ಲ, ತಪ್ಪು ಸಲಹೆಗೆ ಕಟ್ಟಿದ ದಂಡ.

ಹಾಗಾಗಿ ಈ ಸಲ ಷೇರು, ಪೆನ್ಷನ್ ಪಕ್ಕಕ್ಕಿಟ್ಟು ಬೈಕ್ ಲೈಸೆನ್ಸ್ ಬಗ್ಗೆ ಬರೆಯುತ್ತಿದ್ದೇನೆ. ಇದೂ ದುಡ್ಡಿನ ವಿಷಯವೇ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಭಾರತದ ಲೈಸೆನ್ಸಿನಲ್ಲಿ ಬೈಕ್ ಇದ್ದರೆ, ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಅದರಲ್ಲೇ ಓಡಿಸಬಹುದು. ಆಮೇಲೆ ಅದು ನಡೆಯುವುದಿಲ್ಲ, ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳುವುದಕ್ಕೂ ಬರುವುದಿಲ್ಲ. ಪ್ರಾವಿಷನಲ್ ಲೈಸೆನ್ಸ್ ಮಾಡಿಸಿ ಸಿಬಿಟಿ ತರಬೇತಿಗೆ ಹೋಗಬೇಕು. 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ, ಮೈದಾನದಲ್ಲಿ ಓಡಿಸುತ್ತಾರೆ, ಕೊನೆಗೆ ಕನಿಷ್ಠ ಎರಡು ಗಂಟೆ ರಸ್ತೆಯಲ್ಲಿ ಓಡಿಸುತ್ತಾರೆ. ಇದರಲ್ಲಿ ಪಾಸು, ಫೇಲು ಇಲ್ಲ. ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ. 125 ಸಿಸಿವರೆಗೆ ಮಾತ್ರ, ಎಲ್ ಪ್ಲೇಟ್ ಹಾಕಿರಬೇಕು, ಮೋಟರ್‌ವೇ ಹತ್ತುವಂತಿಲ್ಲ, ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಎರಡು ವರ್ಷದೊಳಗೆ ಪೂರ್ತಿ ಪರೀಕ್ಷೆ ಪಾಸಾಗದಿದ್ದರೆ ಮತ್ತೆ ಸಿಬಿಟಿ ಮಾಡಬೇಕು. ಹೀಗೆ ಎಷ್ಟು ಸಲ ಬೇಕಾದರೂ ಮಾಡುತ್ತಾ ಹೋಗಬಹುದು.

ನನ್ನ ತಕರಾರು ಇಲ್ಲಿದೆ. ಊರಿನಲ್ಲಿ ಒಡವೆ ಅಡ ಇಟ್ಟವರು ವರ್ಷಾ ವರ್ಷಾ ಬಡ್ಡಿ ಮಾತ್ರ ಕಟ್ಟಿ ಅಡವನ್ನು ಮುಂದೂಡುವುದನ್ನು ನೋಡಿದ್ದೀರಲ್ಲ? ಸಿಬಿಟಿಯನ್ನು ಎರಡೆರಡು ವರ್ಷಕ್ಕೆ ನವೀಕರಿಸುವುದೂ ಅಷ್ಟೇ. ಕೈಯಲ್ಲಿ ರಸೀದಿ ಇರುತ್ತದೆ, ಒಡವೆ ಮನೆಗೆ ಬರುವುದಿಲ್ಲ. ಒಡವೆ ಅಂದರೆ ಇಲ್ಲಿ ಕೈಗೆ, ಕಣ್ಣಿಗೆ ಹತ್ತಬೇಕಾದ ವಿದ್ಯೆ.

"ಊರಲ್ಲಿ ಹತ್ತು ವರ್ಷ ಓಡಿಸಿದ್ದೇನೆ" ಅನ್ನುವವರಿಗೆ ನನ್ನದೇ ಕಥೆ ಹೇಳುತ್ತೇನೆ. 1999ರಲ್ಲಿ ನನಗೆ ಲೈಸೆನ್ಸ್ ಕೊಡಿಸಿದ್ದು ನಾನು ಹಾಕಿದ 'ಎಂಟು' ಅಲ್ಲ, ಬ್ರೋಕರ್. ಈ ಹುಡುಗ ಬಿದ್ದ ಮೇಲೆ, 46ನೇ ವಯಸ್ಸಿನಲ್ಲಿ, ನಾನೂ ಹೊಸಬನಾಗಿ ಸೇರಿಕೊಂಡೆ. ಥಿಯರಿಯಲ್ಲಿ 50ಕ್ಕೆ 43 ಬರಬೇಕು, ಜೊತೆಗೆ ಅಪಾಯ ಗುರುತಿಸುವ ವಿಡಿಯೋಗಳಲ್ಲಿ 75ಕ್ಕೆ 44. ಅದಾಯಿತು. ಮಾಡ್ಯೂಲ್ ಒಂದರಲ್ಲಿ ಯು ಟರ್ನ್ ಮಾಡುವಾಗ ಕಾಲು ಊರಿದೆ. ಫೇಲ್. ಎರಡನೇ ಸಲ ಪಾಸಾದೆ. ಅದೇ ಪರೀಕ್ಷೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ಗಕ್ಕನೆ ನಿಲ್ಲಿಸಬೇಕು, ಇನ್ನೊಮ್ಮೆ ಅದೇ ವೇಗದಲ್ಲಿ ಬಂದು ಅಡ್ಡ ಬಂದದ್ದನ್ನು ತಪ್ಪಿಸಿ ಹೋಗಬೇಕು. ಹಿಂದಿನ ಬ್ರೇಕನ್ನೇ ನಂಬಿ ಬೆಳೆದ ಕಾಲು ನನ್ನದು. ಮುಂದಿನ ಬ್ರೇಕನ್ನು ಹಂತ ಹಂತವಾಗಿ ಹಿಂಡುವುದನ್ನು ಕಲಿಯುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಆ ರೌಂಡಬೌಟಿನಲ್ಲಿ ಹುಡುಗನಿಗೆ ಬೇಕಾಗಿದ್ದದ್ದು ಇದೇ ವಿದ್ಯೆ.

ಈಗ ಖರ್ಚು. ಸರ್ಕಾರಕ್ಕೆ ಕಟ್ಟುವುದು: ಆನ್‌ಲೈನ್ ಪ್ರಾವಿಷನಲ್ 34, ಥಿಯರಿ 23, ಮಾಡ್ಯೂಲ್ ಒಂದಕ್ಕೆ 15.50, ವಾರದ ದಿನಗಳಲ್ಲಿ ಮಾಡ್ಯೂಲ್ ಎರಡಕ್ಕೆ 75. ಒಟ್ಟು 147.50 ಪೌಂಡ್. ದುಬಾರಿ ಆಗುವುದು ತರಬೇತಿ. ಸಿಬಿಟಿ ಬಿಟ್ಟು ನನಗೆ 800 ಪೌಂಡ್ ದಾಟಿತು.

"ಹೊಟ್ಟೆಪಾಡಿಗೆ ಬೈಕ್ ಓಡಿಸುವ ಹುಡುಗ ಇದನ್ನೆಲ್ಲಿಂದ ತರಬೇಕು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದರ ಮೇಲೆ, 24 ತುಂಬದವರಿಗೆ ನೇರವಾಗಿ ದೊಡ್ಡ ಬೈಕಿನ ಲೈಸೆನ್ಸ್ ಸಿಗುವುದಿಲ್ಲ. 19 ದಾಟಿದ್ದರೆ 35 ಕಿಲೋವ್ಯಾಟ್ ಮಿತಿಯ ಎ2 ತೆಗೆದುಕೊಂಡು, ಮುಂದೆ ಮತ್ತೆ ಪ್ರಾಕ್ಟಿಕಲ್ ಪರೀಕ್ಷೆ ಬರೀ ದೊಡ್ಡ ಬೈಕಿಗಾಗಿ ಕೊಡಬೇಕು. ಒಂದೇ ಕೆಲಸಕ್ಕೆ ಎರಡು ಸಲ ಖರ್ಚು ಅನ್ನುವ ದೂರಿನಲ್ಲಿ ಸತ್ಯ ಇದೆ.

ಆದರೆ ಇನ್ನೊಂದು ಕಡೆಯ ಲೆಕ್ಕ ನೋಡಿ. ಬ್ರಿಟನ್ನಿನ ರಸ್ತೆಗಳಲ್ಲಿ ಓಡುವ ಒಟ್ಟು ವಾಹನ ಸಂಚಾರದಲ್ಲಿ ಮೋಟಾರ್‌ಸೈಕಲ್ ಪಾಲು ಸುಮಾರು ಶೇಕಡಾ 1. 2023ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,624 ಜನರಲ್ಲಿ ಮೋಟಾರ್‌ಸೈಕಲ್ ಸವಾರರು 315. ಹತ್ತಿರ ಹತ್ತಿರ ಐದರಲ್ಲಿ ಒಬ್ಬರು. ಇಷ್ಟು ರಿಸ್ಕ್ ಇರುವ ಫಂಡಿನಲ್ಲಿ ಯಾರಾದರೂ ಆಫರ್ ಡಾಕ್ಯುಮೆಂಟ್ ಓದದೆ ದುಡ್ಡು ಹಾಕಿದರೆ ನಾನು ಬೈಯುತ್ತೇನೆ. ಇಲ್ಲಿ ಹಾಕುತ್ತಿರುವುದು ಮೈ.

ಹಾಗಾಗಿ ನನ್ನ ಮಾತು ಇಷ್ಟು. ಬೈಕಿನ ಬಜೆಟ್ ಮಾಡುವಾಗ ಪೂರ್ತಿ ಲೈಸೆನ್ಸಿನ ಖರ್ಚನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಅಷ್ಟು ದುಡ್ಡು ಇಲ್ಲದಿದ್ದರೆ 500 ಪೌಂಡ್ ಕಡಿಮೆ ಬೆಲೆಯ ಬೈಕ್ ನೋಡಿ. ಸಿಬಿಟಿ ಮಾಡಿದ ವಾರವೇ ಥಿಯರಿ ಪರೀಕ್ಷೆ ಬುಕ್ ಮಾಡಿ. ಹೆಲ್ಮೆಟ್ ಕೊಳ್ಳುವ ಮುಂಚೆ ಸರ್ಕಾರದ ಶಾರ್ಪ್ ರೇಟಿಂಗ್ ನೋಡಿ, ಅದು ಪುಕ್ಕಟೆ. ಇನ್ಶೂರೆನ್ಸ್ ಪೇಪರಿನಲ್ಲಿ 'ಬಳಕೆ' ಅನ್ನುವ ಸಾಲನ್ನು ಓದಿ. ಕವರ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಸ್ಟೂಡೆಂಟ್ ವೀಸಾದಲ್ಲಿ ಇರುವವರು ಡೆಲಿವರಿಯ ಯೋಚನೆಯನ್ನೇ ಬಿಡಿ, ಸ್ವಯಂ ಉದ್ಯೋಗಕ್ಕೆ ಆ ವೀಸಾದಲ್ಲಿ ಅವಕಾಶವಿಲ್ಲ.

ಹುಡುಗನಿಗೆ ಈಗ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಮಣಿಕಟ್ಟು ಚಳಿಗೆ ಇನ್ನೂ ನೋಯುತ್ತದಂತೆ. ಹೋದ ವಾರ ಬಂದು, "ಅಣ್ಣ, ಮತ್ತೆ ಬೈಕ್ ತಗೊಳ್ಳೋಣ ಅಂತಿದ್ದೀನಿ, ಲೆಕ್ಕ ಹಾಕಿ ಕೊಡ್ತೀರಾ?" ಅಂದ. ಹಳೆಯ ಎಕ್ಸೆಲ್ ಅನ್ನೇ ತೆರೆದೆ. ಲೈಸೆನ್ಸ್ ಸಾಲಿನಲ್ಲಿದ್ದ 160 ಅಳಿಸಿ 1,100 ಬರೆದೆ. ದುಡ್ಡು ವಾಪಸ್ ಬರುವ ತಿಂಗಳಿನ ಸಾಲನ್ನು ತೆಗೆದುಹಾಕಿದೆ.